ರಸ್ತೆ ಇಲಾಖೆಯ ಕಾಗದಗಳೆಲ್ಲ

ಹಿಮದ ಗುಡ್ಡಗಳ ನಡುವಿನ ನರೀನ್ ಸೀಮೆಯ ಆ ಜಿಲ್ಲಾ ಕಚೇರಿಯಲ್ಲಿ ಜನ ಕೇಳಿದ ಸರ್ಕಾರಿ ಕಾಗದಗಳನ್ನು ಹುಡುಕಿ ಕೊಡುವ ಕೆಲಸ ಅನೀಪಾಳದು. ಹಳೆಯ ಕಡತಗಳೆಲ್ಲ ಇದ್ದದ್ದು ನೆಲಮಾಳಿಗೆಯಲ್ಲಿ, ಅವಳ ಮೇಜೂ ಅಲ್ಲೇ. ಬೆಳಿಗ್ಗೆ ಮೆಟ್ಟಿಲಿಳಿದರೆ ಸಂಜೆ ಹತ್ತುವ ತನಕ ಅವಳ ಜೊತೆಗಿರುವುದು ಕಲ್ಲಿದ್ದಲಿನ ಒಲೆಯೊಂದೇ. ಗಂಡ ಕೂಲಿಗೆಂದು ರಷ್ಯಕ್ಕೆ ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದ್ದ. ಊರಿನವರಿಗೆ ಅವಳು ‘ಕಾಗದದವಳು’. ಹೆಸರು ಹಿಡಿದು ಕರೆಯುತ್ತಿದ್ದವನು ಮೇಲಧಿಕಾರಿ ಶಾರ್ಷೆನ್ ಒಬ್ಬನೇ, ಅದೂ ಬೈಯುವಾಗ.

“ಏನಮ್ಮಾ ಅನೀಪಾ, ಆ ಮುದುಕೀ ಅರ್ಜಿ ಇನ್ನೂ ನಿನ್ ಮೇಜಿನ ಮೇಲೇ ಕಾವಿಗೆ ಕೂತಿದ್ಯಾ?” ಎಂದು ಅವತ್ತು ಅವನು ಮೆಟ್ಟಿಲ ಮೇಲಿಂದಲೇ ಕೂಗಿದ. “ಉತ್ತರ ಕೊಡಕ್ಕೆ ಇವತ್ತು ಕೊನೇ ದಿನ. ಕೇಳಿದ್ದು ವಿಪರೀತ ಆಯ್ತು, ಕೊಡಕ್ಕಾಗಲ್ಲ ಅಂತ ಒಂದು ಸಾಲು ಗೀಚಿ ಮುಗ್ಸು.”

“ಸಂಜೆವರೆಗೂ ಟೈಮಿದೆ, ಬಾಯ್ಕೆ” ಎಂದಳು ಅನೀಪಾ. ತಮಗಿಂತ ಹಿರಿಯ ಗಂಡಸರನ್ನು ಅಲ್ಲಿ ಹಾಗೇ ಕರೆಯುವುದು.

“ಇದ್ರೆ? ಅಷ್ಟೂ ಕಾಗದ ಸಾಗಿಸಕ್ಕೆ ಲಾರಿ ತರಿಸ್ತೀಯಾ?”

ಅವನ ಮಾತು ಸುಳ್ಳಲ್ಲ. ಗುಡ್ಡದ ಮೇಲಿನ ಹಳ್ಳಿಯಿಂದ ಜ಼ೂರಾಕಾನ್ ಎಂಬ ಮುದುಕಿ ಬರೆದಿದ್ದಳು: ರಸ್ತೆ ಇಲಾಖೆಯ ಹಳೆಯ ಕಾಲದ ಕಾಗದಗಳೆಲ್ಲ ನನಗೆ ಬೇಕು. ಅಷ್ಟೇ. ಆ ಇಲಾಖೆಯ ಕಾಗದವೆಂದರೆ ಒಂದು ಗೋಡೆಯುದ್ದದ ಪೆಟ್ಟಿಗೆಗಳು. ಹೀಗೆ ಅಳತೆ ಮೀರಿ ಕೇಳಿದರೆ ನಿಖರವಾಗಿ ಏನು ಬೇಕೆಂದು ತಿರುಗಿ ಕೇಳಬೇಕು, ಅದು ಕ್ರಮ. ಅನೀಪಾ ಕೇಳಿದ್ದಳು. ಯಾವ ವರ್ಷದ್ದು, ಯಾವ ಕೆಲಸದ್ದು, ವ್ಯಕ್ತಿಯದಾದರೆ ಅವರ ಹೆಸರೇನು, ತಿಳಿಸಿ. ಉತ್ತರ ಬಂದಿತ್ತು, ಅದೇ ಸೊಟ್ಟ ಅಕ್ಷರದಲ್ಲಿ: ಎಲ್ಲವೂ ಬೇಕು.

ಮಧ್ಯಾಹ್ನ ಮುದುಕಿಯೇ ಬಂದಳು. ಬೂಟಿನ ಹಿಮವನ್ನು ಬಾಗಿಲಾಚೆಯೇ ಕೊಡವಿ, ತಲೆವಸ್ತ್ರ ಸರಿಮಾಡಿಕೊಂಡು ಒಳಗೆ ಬಂದು ನಿಂತಳು. ದೂರದಿಂದ ಬಂದ ಹಿರಿಯರನ್ನು ಚಹಾ ಕೊಡದೆ ಯಾಕೆ ಬಂದಿರಿ ಎಂದು ಕೇಳುವುದುಂಟೇ? ಅನೀಪಾ ರೊಟ್ಟಿ ಮುರಿದಿಟ್ಟು ಚಹಾ ಬಗ್ಗಿಸಿದಳು. ಮುದುಕಿ ಗಂಟು ಬಿಚ್ಚಿ ಒಣಗಿಸಿದ ಮೊಸರಿನ ಉಂಡೆಗಳನ್ನು ಮೇಜಿಗೆ ಸುರಿದಳು.

“ನಾನೇ ಮಾಡಿದ್ದು. ಹಲ್ಲು ಗಟ್ಟಿ ಇದ್ರೆ ತಿನ್ನು ಮಗಳೇ. ನನಗಂತೂ ಈಗ ನೆಕ್ಕೋದಷ್ಟೇ ಭಾಗ್ಯ.”

ಬಹಳ ದಿನದ ಮೇಲೆ ಆ ಕೋಣೆಯಲ್ಲಿ ಇಬ್ಬರು ಕೂತು ಚಹಾ ಕುಡಿದರು. ಬಟ್ಟಲು ಬರಿದಾದ ಮೇಲೆ ಅನೀಪಾ, ತಾಯಿಯಂಥ ಹಿರಿಯಳನ್ನು ಕರೆಯುವಂತೆ ‘ಅಪಾ’ ಎಂದು ಕರೆದು, ಮೆಲ್ಲಗೆ ಮಾತು ತೆಗೆದಳು.

“ಅಪಾ, ಅಷ್ಟೂ ಕಾಗದ ಕೊಡೋಕಾಗಲ್ಲ. ಒಂದನ್ನ ಕೇಳಿ, ಈಗಲೇ ಹುಡುಕ್ತೀನಿ. ಯಾರದ್ದು ಬೇಕಿತ್ತು?”

“ನಮ್ಮನೆಯವರದ್ದು. ಕಣಿವೆ ರಸ್ತೇಲಿ ಹಿಮ ತೆಗೆಯೋ ಕೆಲಸಕ್ಕಿದ್ರು. ಹಿಮ ಜಾರಿ ನದಿಗೆ ಕೊಂಡೊಯ್ತು. ಮಣ್ಣು ಮಾಡೋಕೂ ಸಿಗಲಿಲ್ಲ.”

“ಅವರ ಹೆಸರು?”

ಮುದುಕಿ ನೆಲ ನೋಡಿದಳು. ತಲೆವಸ್ತ್ರದ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. ಪೆನ್ನು ಹಿಡಿದ ಅನೀಪಾಳ ಕೈ ಹಾಗೇ ನಿಂತಿತು. ಅವಳ ಅಜ್ಜಿಯೂ ಸಾಯುವವರೆಗೆ ಗಂಡನ ಹೆಸರನ್ನಾಗಲಿ, ಮಾವನ ಹೆಸರನ್ನಾಗಲಿ ಬಾಯಿಗೆ ತಂದವಳಲ್ಲ. ‘ಹೆಸರು ತಿಳಿಸಿ’ ಎಂದು ತಾನು ಎಂಥವಳಿಗೆ ಬರೆದೆ!

“ಮಕ್ಕಳ ಹೆಸರು ಹೇಳಿ ಅಪಾ. ಇಂಥವನ ಅಪ್ಪ ಅನ್ನಿ, ಸಾಕು.”

“ಮಕ್ಕಳೆಲ್ಲಿ ಬಂದ್ವು? ಮದುವೆಯಾದ ಚಳಿಗಾಲದಲ್ಲೇ ಹೋದ್ರು. ಬಾಯಿಗೆ ಬರದೇ ಇರೋದು ಕೈಗೆ ಬರುತ್ತಾ? ಎಲ್ಲಾ ತರಿಸ್ಕೊಂಡ್ರೆ ಅದರೊಳಗೆ ಅವರೂ ಇರ್ತಾರಲ್ಲ ಅಂದ್ಕೊಂಡೆ.”

“ಅಕ್ಕಪಕ್ಕದವರ ಕೈಲಿ ಬರೆಸಬಹುದಿತ್ತಲ್ಲ?”

“ಏನಂತ ಬರೆಸಲಿ? ಹಲ್ಲು ಬಿದ್ದ ಮುದುಕಿಗೆ ಗಂಡನ ಮುಖ ನೋಡೋ ಆಸೆಯಂತೆ ಅಂತ ಹಳ್ಳಿಯೆಲ್ಲ ನಗಬೇಕಾ?” ಮುದುಕಿ ತಾನೇ ನಕ್ಕಳು, ನಗು ಅರ್ಧಕ್ಕೇ ನಿಂತಿತು. “ಇದ್ದ ಒಂದು ಫೋಟೋ ಮನೆ ಜೊತೆ ಸುಟ್ಟುಹೋಯ್ತು. ಕಣ್ಣು ಮುಚ್ಚಿದ್ರೆ ಟೋಪಿ ಕಾಣುತ್ತೆ, ಕೈಯೂ ಕಾಣುತ್ತೆ. ಮುಖ ಬರ್ತಿಲ್ಲ ಮಗಳೇ. ಹೋದ ವರ್ಷದ ತನಕ ಬರ್ತಿತ್ತು.”

ಕೆಲಸಕ್ಕೆ ಸೇರಿದವರ ಚೀಟಿಗಳ ಪೆಟ್ಟಿಗೆಯನ್ನು ಅನೀಪಾ ಕೆಳಗಿಳಿಸಿದಳು. ಒಂದೊಂದು ಚೀಟಿಗೂ ಮೂಲೆಯಲ್ಲಿ ಒಂದು ಫೋಟೋ, ಕೆಲವಕ್ಕೆ ಬರೀ ಅಂಟಿನ ಕಲೆ.

“ನೀವೇನೂ ಹೇಳೋದು ಬೇಡ ಅಪಾ. ನಾನು ಓದ್ತಾ ಹೋಗ್ತೀನಿ.”

ಓದತೊಡಗಿದಳು. ಅಬ್ದಿಬಾಯ್. ಅಕ್ಮಾತ್. ಹೆಸರು ಕರೆದು, ತುಸು ತಡೆದು, ಮುಂದಿನದು. ಎಷ್ಟೋ ವರ್ಷದಿಂದ ಯಾರೂ ಕರೆಯದ ಹೆಸರುಗಳು. ಮುದುಕಿ ಕಣ್ಣು ಮುಚ್ಚಿ ಕೂತಿದ್ದಳು.

“ಅಲಿಮ್ಕುಲ್.”

ಮುದುಕಿ ಎದ್ದು ನಿಂತಳು. ಎದೆಗೆ ಕೈಯಿಟ್ಟು, ಹೊಸ ಸೊಸೆ ಹಿರಿಯರೆದುರು ಬಾಗುವಂತೆ ನಿಧಾನವಾಗಿ ಸೊಂಟ ಬಗ್ಗಿಸಿದಳು. ಬಗ್ಗಿದವಳಿಗೆ ಮತ್ತೆ ಏಳಲಾಗಲಿಲ್ಲ. ಅನೀಪಾ ಹೋಗಿ ಹಿಡಿದುಕೊಂಡಳು.

ಫೋಟೋ ಇತ್ತು. ಮೂಲೆ ಮಡಚಿಕೊಂಡಿತ್ತು, ಮುಖ ಹಾಗೇ ಇತ್ತು. ಮುದುಕಿ ಅದನ್ನು ಒಲೆಯ ಬೆಳಕಿಗೆ ಹಿಡಿದಳು.

“ಅಯ್ಯೋ, ಇಷ್ಟು ಎಳೆಯವರಾ! ನನ್ನ ಜೊತೇಲಿ ಅವರಿಗೂ ವಯಸ್ಸಾಗಿರುತ್ತೆ ಅಂದ್ಕೊಂಡಿದ್ದೆ.”

ಮೂಲ ಚೀಟಿ ಹೊರಗೆ ಹೋಗುವಂತಿಲ್ಲ. ಅನೀಪಾ ನಕಲು ತೆಗೆದು ಶಾರ್ಷೆನ್ ಮುಂದೆ ಸಹಿಗೆ ಹಿಡಿದಳು.

“ಒಂದೇ ಹಾಳೆನಾ? ಎಲ್ಲಾ ಬೇಕು ಅಂದಿದ್ಳಲ್ಲ?”

“ಅವರಿಗೆ ಇದೇ ಎಲ್ಲಾ, ಬಾಯ್ಕೆ.”

ಅವನು ನಕಲನ್ನೂ ಅವಳನ್ನೂ ಒಮ್ಮೆ ನೋಡಿ ಸಹಿ ಹಾಕಿದ.

ಹೊರಗೆ ಹಳ್ಳಿಗೆ ಹೋಗುವ ಕೊನೆಯ ವ್ಯಾನು ಹಾರನ್ ಹೊಡೆಯುತ್ತಿತ್ತು. ಮುದುಕಿ ಹಾಳೆಯನ್ನು ಕೋಟಿನೊಳಗೆ ಸೇರಿಸಿ ಬಾಗಿಲಲ್ಲಿ ನಿಂತಳು.

“ಇನ್ನೊಂದ್ಸಲ ಕರೀತೀಯಾ ಮಗಳೇ? ನಮ್ಮನೇಲಿ ಆ ಹೆಸರು ಹಿಡಿಯೋರು ಯಾರೂ ಇಲ್ಲ. ನಾನೂ ಕರೆಯೋ ಹಾಗಿಲ್ಲ.”

“ಅಲಿಮ್ಕುಲ್” ಎಂದಳು ಅನೀಪಾ, ದೂರದಲ್ಲಿರುವವನನ್ನು ಊಟಕ್ಕೆ ಕೂಗುವ ಹಾಗೆ, ಕೊಂಚ ಎಳೆದು.

ಮುದುಕಿ ತಲೆಯಾಡಿಸಿದಳು. ಮೆಟ್ಟಿಲು ಹತ್ತುವಾಗ ಅವಳು ಹಿಂದೆ ನೋಡಲಿಲ್ಲ.

ವ್ಯಾನಿನ ಸದ್ದು ಕರಗಿತು. ಅನೀಪಾ ಚೀಟಿಯನ್ನು ತಂದು ಅದರ ಜಾಗಕ್ಕೆ ಸೇರಿಸಿದಳು. ಮೇಜಿನ ಮೇಲೆ ಎರಡು ಬಟ್ಟಲುಗಳು ಇನ್ನೂ ಇದ್ದವು. ಪೆಟ್ಟಿಗೆಯ ಮುಚ್ಚಳ ಹಾಕುವ ಮುಂಚೆ ಮುಂದಿನ ಚೀಟಿಯ ಹೆಸರನ್ನೂ ಒಮ್ಮೆ ಕರೆದಳು, ಅದರ ಮುಂದಿನದನ್ನೂ. ಯಾರೂ ಎದ್ದು ನಿಲ್ಲಲಿಲ್ಲ. ಆದರೂ ಕತ್ತಲಾಗುವವರೆಗೆ ಓದುತ್ತಲೇ ಇದ್ದಳು.