ಗೇರಿನ ಕರಕರ

ಕಾರಿನ ಹೊಟ್ಟೆಯಡಿ ಅಂಗಾತ ಮಲಗಿದ್ದ ಗ್ಯಾರೇಜ್ ಮೇಸ್ತ್ರಿಗೆ ಹೊರಲೋಕವೆಂದರೆ ಎರಡು ಜೊತೆ ಕಾಲುಗಳು ಮಾತ್ರ. ಪಾಲಿಶ್ ಮಾಡಿದ ಕಪ್ಪು ಬೂಟು ಅತ್ತಿಂದಿತ್ತ ಓಡಾಡುತ್ತಿತ್ತು, ಅದು ಕಾರು ತಂದ ಗುಮಾಸ್ತರದು. ಬಿಳಿ ಚಪ್ಪಲಿ ಬೆಂಚಿನ ಕೆಳಗೆ ಅಲುಗಾಡದೆ ಕೂತಿತ್ತು; ಅದು ಅವರ ಹೆಂಡತಿಯದು.

ಆಕೆ ಹಾಸಿಗೆ ಹಿಡಿದವರ ಮನೆಗಳಿಗೇ ಹೋಗಿ ಗಾಯ ತೊಳೆದು ಪಟ್ಟಿ ಕಟ್ಟುವ ನರ್ಸು. ಊರಿನ ಮೂಲೆಮೂಲೆಗೂ ಈ ಹಳೆಯ ಕಾರಿನಲ್ಲೇ ಓಡಾಟ. ಕೆಲವು ತಿಂಗಳಿಂದ ಗೇರು ಹಾಕಿದರೆ ಸಾಕು, ಕರಕರ ಎನ್ನುತ್ತಿತ್ತು. ಹೋದ ವಾರವಂತೂ ನಡುರಸ್ತೆಯಲ್ಲಿ ಗೇರೇ ಬೀಳದೆ ಕಾರು ನಿಂತುಬಿಟ್ಟಿತು. ಹಿಂದಿನವರೆಲ್ಲ ಹಾರ್ನ್ ಬಾರಿಸಿದ್ದೇ ಬಾರಿಸಿದ್ದು. ಒಬ್ಬ ಮಹಾನುಭಾವ ಕಿಟಕಿಯಿಂದ ತಲೆ ಹೊರಹಾಕಿ, "ಮನೇಲಿ ತೆಪ್ಪಗೆ ಕೂತ್ಕೋಬಾರ್ದೇನಮ್ಮಾ?" ಎಂದನಂತೆ. ಗುಮಾಸ್ತರು ಅಂದೇ ತೀರ್ಮಾನಿಸಿದರು: ಇನ್ನು ಇವಳು ಕಾರು ಮುಟ್ಟಕೂಡದು. ಆಸ್ಪತ್ರೆಯ ಮೇಲ್ವಿಚಾರಕಿಗೆ ತಾವೇ ಫೋನ್ ಮಾಡಿ, ಇವಳಿಗೆ ಡ್ರೈವಿಂಗ್ ಬರುವುದಿಲ್ಲ, ಮುಂದಿನ ತಿಂಗಳಿಂದ ಇವಳು ವಾರ್ಡಿನ ಕೆಲಸಕ್ಕೇ ಬರುತ್ತಾಳೆ ಎಂದೂ ಹೇಳಿಬಿಟ್ಟರು.

ಬೆಳಿಗ್ಗೆ ಮೇಸ್ತ್ರಿಗೂ ಅವರ ಫೋನ್ ಬಂದಿತ್ತು. "ಕ್ಲಚ್ ಹಾಳಾಗಿದ್ದು ಅವಳ ಕಾಲಿಂದಾನೇ ಅಂತ ನೀವೊಂದು ಮಾತು ಹಾಕ್ಬಿಡಿ. ನಾನು ಹೇಳಿದ್ರೆ ಜಗಳ ಆಗತ್ತೆ. ನೀವು ಹೇಳಿದ್ರೆ ಒಪ್ಕೋತಾಳೆ."

"ಅದಕ್ಕೇನ್ ಸಾರ್, ಹೇಳೋಣ," ಎಂದು ಮೇಸ್ತ್ರಿ ನಕ್ಕಿದ್ದ. ಅವನಿಗೆ ಅದೇನು ಹೊಸ ಮಾತೇ? ಹೆಂಗಸರು ಓಡಿಸುವ ಕಾರು ಎಂದು ಗೊತ್ತಾದರೆ ಬಾನೆಟ್ ಎತ್ತುವ ಮೊದಲೇ ಆ ಮಾತು ಬಾಯಿಗೆ ಬರುತ್ತಿತ್ತು. ಗಂಡಂದಿರು ನಗುತ್ತಿದ್ದರು, ಇವನೂ ನಗುತ್ತಿದ್ದ. ಒಂದು ತಮಾಷೆಯಿಂದ ಯಾರ ಗಂಟೇನು ಹೋಗುತ್ತದೆ ಎಂಬುದು ಅವನ ಲೆಕ್ಕ.

ಈಗ ಗೇರ್‌ಬಾಕ್ಸನ್ನು ಜಾಕಿನ ಮೇಲೆ ಇಳಿಸಿ, ಕ್ಲಚ್ಚನ್ನು ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟಿನ ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಸಡಿಲಿಸಿದ. ಕ್ಲಚ್ ಪ್ಲೇಟ್ ಕೈಗೆ ಬಂತು. ಸವೆದಿತ್ತು, ನಿಜ. ಆದರೆ ಒಂದೇ ಸಮನೆ, ಇಷ್ಟು ವರ್ಷ ಓಡಿದ ಯಾವ ಪ್ಲೇಟಾದರೂ ಸವೆಯುವಷ್ಟೇ. ಕ್ಲಚ್ ತಪ್ಪಾಗಿ ತುಳಿದರೆ ಬೀಳುವ ಸುಟ್ಟ ಕಲೆ ಒಂದೂ ಇಲ್ಲ. ಎಲಾ ಇದರ, ಮತ್ತೆ ಆ ಸದ್ದು ಎಲ್ಲಿಂದ ಬಂತು ಎಂದುಕೊಂಡು, ಇಂಜಿನ್ ಜೊತೆ ತಿರುಗುವ ಫ್ಲೈವೀಲಿನ ನಟ್ಟನಡುವೆ ಕೂತಿದ್ದ ಪೈಲಟ್ ಬೇರಿಂಗಿನೊಳಗೆ ಬೆರಳು ತೂರಿಸಿ ತಿರುಗಿಸಿ ನೋಡಿದ. ಜಪ್ಪಯ್ಯ ಅಂದರೂ ಅಲುಗಲಿಲ್ಲ.

ಅದರ ತೂತಿಗೆ ಗ್ರೀಸ್ ತುಂಬಿ, ಸರಿಯಾಗಿ ಕೂರುವ ಕಬ್ಬಿಣದ ಸಲಾಕೆ ಇಟ್ಟು ಸುತ್ತಿಗೆಯಿಂದ ಬಡಿದ. ಒಳಗಿನ ಗ್ರೀಸಿನ ಒತ್ತಡಕ್ಕೆ ಬೇರಿಂಗ್ ಹಿಂದಕ್ಕೆ ಸರಿಯುತ್ತ ಕೊನೆಗೆ ಅಂಗೈಗೆ ಬಿತ್ತು. ಸುಟ್ಟು ನೀಲಿಗಟ್ಟಿತ್ತು.

ಮೇಸ್ತ್ರಿ ಹೊರಗೆ ತೆವಳಿ ಬಂದ. ಗುಮಾಸ್ತರು ಹೆಂಡತಿಗೆ ಕಾಣದಂತೆ ಕಣ್ಣು ಮಿಟುಕಿಸಿದರು. ಹೇಳು ಎಂಬ ಸನ್ನೆ ಅದು.

ಅವನು ಬಾಯಿ ತೆರೆಯುವ ಮೊದಲೇ ಆಕೆ ಎದ್ದು ಬಂದಳು. "ಅಣ್ಣಾ, ನಿಜ ಹೇಳಿ. ನನ್ನ ಕಾಲಿಂದಾನೇ ಹಾಳಾಯ್ತಾ? ಸಂಜೆ ಹೊತ್ತು ಮನೆ ಎದುರು ಖಾಲಿ ಜಾಗದಲ್ಲಿ ಬರೀ ಕ್ಲಚ್ ತುಳಿಯೋದೇ ಅಭ್ಯಾಸ ಮಾಡಿದೀನಿ. ಮೊಣಕಾಲು ಊದ್ಕೊಳ್ಳೋ ಹಾಗೆ. ಆದ್ರೂ ನನಗೆ ಬರಲಿಲ್ಲ."

ಮೇಸ್ತ್ರಿ ಆಕೆಯ ಕಾಲಿನತ್ತ ನೋಡಿದ. ಊದಿದ ಮೊಣಕಾಲು! ತನ್ನಂಥವರ ತಮಾಷೆ ಅಲ್ಲಿಯವರೆಗೆ ಹೋಗುತ್ತದೆಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ. ನಾಚಿಕೆಯಾಯಿತು.

"ಇಲ್ಲ ಸಿಸ್ಟರ್. ನಿಮ್ಮ ಕಾಲಿಗೂ ಇದಕ್ಕೂ ಸಂಬಂಧಾನೇ ಇಲ್ಲ," ಎಂದು ಬೇರಿಂಗನ್ನು ಮುಂದೆ ಹಿಡಿದ. "ಗೇರ್‌ಬಾಕ್ಸ್ ಶಾಫ್ಟಿನ ತುದಿ ಇದರೊಳಗೆ ಕೂರತ್ತೆ. ಇದು ಹಿಡ್ಕೊಂಡ್ರೆ, ಕ್ಲಚ್ ಎಷ್ಟೇ ತುಳೀರಿ, ಇಂಜಿನ್ ಜೊತೆ ಶಾಫ್ಟೂ ತಿರುಗ್ತಾನೇ ಇರತ್ತೆ. ಗೇರು ಕರಕರ ಅನ್ನದೆ ಇನ್ನೇನು ಮಾಡತ್ತೆ? ಯಾರು ಓಡಿಸಿದ್ರೂ ಅಷ್ಟೇ."

"ಯಾರು ಓಡಿಸಿದ್ರೂನಾ? ಇವರ ಕೈಲಿ ಸದ್ದೇ ಬರಲ್ವಂತಲ್ಲ?"

"ನನಗೆ ಬರ್ತಿರ್ಲಿಲ್ಲಪ್ಪ," ಎಂದು ಗುಮಾಸ್ತರು ಗೋಡೆ ನೋಡಿದರು. ಆಮೇಲೆ ಸಿಡುಕಿದರು. "ಅಲ್ರೀ ಮೇಸ್ತ್ರಿ, ಬೆಳಿಗ್ಗೆ ನಾವು ಮಾತಾಡಿದ್ದೇನು?"

"ಏನು ಮಾತಾಡಿದ್ರಿ?" ಎಂದಳು ಹೆಂಡತಿ.

"ತಪ್ಪು ನಿಮ್ಮದೇ ಅಂತ ಹೇಳೋಕೆ ಒಪ್ಕೊಂಡಿದ್ದೆ ಸಿಸ್ಟರ್. ಬಿಚ್ಚಿ ನೋಡದೇನೇ," ಎಂದ ಮೇಸ್ತ್ರಿ.

ಆಕೆ ಗಂಡನತ್ತ ತಿರುಗಿದಳು. ಗುಮಾಸ್ತರು ಹಣೆ ಒರೆಸಿಕೊಂಡರು. "ನನಗೆ ಹೆದರಿಕೆ ಕಣೇ. ನಿನ್ನ ಫೋನ್ ಬಂದಾಗೆಲ್ಲ ರೋಡಲ್ಲಿ ಏನಾಯ್ತೋ ಅನ್ಸತ್ತೆ. ವಾರ್ಡಲ್ಲಾದ್ರೆ ಒಂದು ಕಡೆ ಇರ್ತೀಯ, ನಾನು ನೆಮ್ಮದಿಯಾಗಿರ್ತೀನಿ."

"ಹೆದರಿಕೆ ಅಂತ ಹೇಳಿದ್ರೆ ಕೂತು ಮಾತಾಡ್ತಿದ್ದೆ. ಕೈಲಾಗದವಳು ಅಂದ್ರಿ. ನಾನೂ ನಂಬ್ಕೊಂಡೆ."

ಮೇಸ್ತ್ರಿ ಮತ್ತೆ ಕಾರಿನಡಿ ಸೇರಿದ. ಹೊಸ ಬೇರಿಂಗನ್ನು ಅದರ ಹೊರಬಳೆಗೆ ಮಾತ್ರ ಪೆಟ್ಟು ಬೀಳುವಂತೆ ಮೆಲ್ಲಗೆ ತಟ್ಟಿ ಕೂರಿಸಿದ. ಹೊಸ ಪ್ಲೇಟನ್ನು ನಡುವಿಗೆ ಸರಿಯಾಗಿ ನಿಲ್ಲಿಸಿ ಬೋಲ್ಟು ಬಿಗಿದ. ಗೇರ್‌ಬಾಕ್ಸನ್ನು ಮೇಲೇರಿಸಿದ. ಬೂಟುಗಳು ಓಡಾಟ ನಿಲ್ಲಿಸಿದ್ದವು.

ಕೆಲಸ ಮುಗಿದ ಮೇಲೆ ಆಕೆಯೇ ಸ್ಟೇರಿಂಗ್ ಹಿಡಿದು ಕೂತಳು. ಗುಮಾಸ್ತರು ಪಕ್ಕದ ಬಾಗಿಲ ಬಳಿ ನಿಂತರು. ಇಂಜಿನ್ ಶುರು ಮಾಡಿ, ಕ್ಲಚ್ ಒತ್ತಿ ರಿವರ್ಸ್ ಹಾಕಿದಳು. ಗೇರು ಸದ್ದಿಲ್ಲದೆ ಬಿತ್ತು. ತೆಗೆದು ಮತ್ತೊಮ್ಮೆ ಹಾಕಿದಳು. ಆಗಲೂ ಸದ್ದಿಲ್ಲ. ಆಕೆಯ ಕಣ್ಣಲ್ಲಿ ನೀರು ತುಂಬಿತು.

ಅದನ್ನು ನೋಡಿ ಗುಮಾಸ್ತರಿಗೆ ತಡೆಯಲಾಗಲಿಲ್ಲ. "ನನಗೂ ಕರಕರ ಅಂತಿತ್ತು," ಎಂದರು.

"ಯಾವಾಗಿಂದ?"

"ಮೊದಲಿಂದಾನೂ."

ಆಕೆ ಇಂಜಿನ್ ಆರಿಸಿದಳು. "ನಾನು ಸಂಜೆ ಕ್ಲಚ್ ತುಳೀತಿದ್ದಾಗ ನೀವು ಕಿಟಕೀಲಿ ನಿಂತು ನೋಡ್ತಿದ್ರಿ."

ಅವರು ತಲೆ ತಗ್ಗಿಸಿದರು. ಜೇಬಿನಿಂದ ಫೋನ್ ತೆಗೆದರು. ಫೋನ್ ಮಾಡಿ ಎಂದು ಆಕೆ ಕೇಳಿರಲಿಲ್ಲ, ಮೇಸ್ತ್ರಿಯೂ ಹೇಳಿರಲಿಲ್ಲ.

"ಮೇಡಂ, ಹೋದ ವಾರ ಫೋನ್ ಮಾಡಿದ್ದೆನಲ್ಲ, ಆ ನರ್ಸಮ್ಮನ ಯಜಮಾನ್ರು ನಾನು. ಅವಳು ವಾರ್ಡಿಗೆ ಬರಲ್ಲ... ಅಲ್ಲ, ಅವಳಿಗೆ ಡ್ರೈವಿಂಗ್ ಚೆನ್ನಾಗೇ ಬರತ್ತೆ. ಬರಲ್ಲ ಅಂತ ನಾನು ಸುಳ್ಳು ಹೇಳಿದ್ದೆ. ಅವಳನ್ನ ಕೇಳಲೂ ಇಲ್ಲ."

ಆಕೆ ಪೂರ್ತಿ ಕೇಳಿಸಿಕೊಂಡಳು. ಕಣ್ಣೊರೆಸಿ ಕಾರು ಶುರು ಮಾಡಿದಳು.

"ಒಬ್ಬರ ಪಟ್ಟಿ ಬದಲಾಯಿಸೋದಿದೆ, ಹೊತ್ತಾಯ್ತು. ಮಿಕ್ಕಿದ್ದು ಮನೇಲಿ ಮಾತಾಡೋಣ. ನೀವು ಬಸ್ಸಲ್ಲಿ ಬನ್ನಿ."

ಗುಮಾಸ್ತರು ದಾರಿ ಬಿಟ್ಟು ಸರಿದು ನಿಂತರು.