ನಂದಿತಾಳ ಕೇಸ್ ಶೀಟಿನಲ್ಲಿ ಎರಡು ಕೈಬರಹ

ಊರ್ಡಿಗೆರೆಯ ರುದ್ರಯ್ಯನಿಗೆ ಒಂದು ಚಾಳಿ. ಯಾವ ಆಫೀಸಿಗೇ ಹೋಗಲಿ, ಗುಮಾಸ್ತರ ಹತ್ತಿರ ಬಾಯಿ ಬಿಡುವವನಲ್ಲ. ತೆಂಗಿನ ತೋಟದ ಪಹಣಿ ತಿದ್ದಿಸಲು ಮೂರು ದಿನ ತಾಲ್ಲೂಕು ಕಚೇರಿಯಲ್ಲಿ ಕಾದು, ತಹಶೀಲ್ದಾರರಿಗೇ ಹೇಳಿ ಬಂದ ಆಸಾಮಿ. ಸಾಹೇಬರು ಆ ಅರ್ಜಿಯನ್ನು ಅದೇ ಗುಮಾಸ್ತರಿಗೆ ಕೊಟ್ಟರು ಅನ್ನುವುದನ್ನು ಮಾತ್ರ ಯಾರಿಗೂ ಹೇಳುವುದಿಲ್ಲ.

ಅದೇ ಚಾಳಿಯನ್ನು ತುಮಕೂರಿನ ಆಸ್ಪತ್ರೆಗೂ ತಂದ. ಮಗಳು ನಂದಿತಾಳಿಗೆ ಚೊಚ್ಚಲ ಹೆರಿಗೆ. ಹೊಟ್ಟೆಯಲ್ಲಿ ಮಗುವಿನ ತಲೆಯ ಬದಲು ಕಾಲು ಕೆಳಗಿದೆ, ಹನ್ನೊಂದು ಗಂಟೆಗೆ ಆಪರೇಷನ್ ಅಂತ ನಿಶ್ಚಯವಾಗಿತ್ತು. ಬೆಳಿಗ್ಗೆ ಭಾನುಪ್ರಕಾಶ್ ಅನ್ನುವ ಕಿರಿಯ ಡಾಕ್ಟರು ಬಂದು, ಒಂದೊಂದೇ ಪ್ರಶ್ನೆ ಕೇಳಿ ಕೇಸ್ ಶೀಟಿನಲ್ಲಿ ಬರೆದುಕೊಳ್ಳತೊಡಗಿದರು.

"ಯಾವ್ದಾದ್ರೂ ಇಂಜೆಕ್ಷನ್ ಮೈಗೆ ಒಗ್ಗದೆ ತೊಂದ್ರೆ ಆಗಿತ್ತಾ?"

"ನಂಗೆ ನೆನಪಿಲ್ಲ ಡಾಕ್ಟ್ರೇ. ಅಪ್ಪ, ಆಗಿತ್ತಾ?"

ಆಗಿತ್ತು. ನಾಲ್ಕು ವರ್ಷದವಳಿದ್ದಾಗ ಗುಬ್ಬಿಯಲ್ಲಿ ಪೆನ್ಸಿಲಿನ್ ಇಂಜೆಕ್ಷನ್ ಹಾಕಿಸಿದ್ದೇ ತಡ, ಮುಖವೆಲ್ಲ ಊದಿ, ಉಸಿರು ಕಟ್ಟಿ, ಮಗು ಉಳಿದದ್ದೇ ಹೆಚ್ಚು. ರುದ್ರಯ್ಯ ಅದನ್ನು ಮರೆತಿರಲಿಲ್ಲ. ಆದರೆ ಇಂಥ ದೊಡ್ಡ ವಿಷಯವನ್ನು ಈ ಹುಡುಗನಿಗೆ ಹೇಳುವುದೇ? ದೊಡ್ಡ ಡಾಕ್ಟರು ಬರಲಿ ಅಂದುಕೊಂಡ.

"ಏನೂ ಇಲ್ಲ, ಬರ್ಕೊಳಪ್ಪ" ಅಂದ.

ಜೊತೆಗೆ ಬಂದಿದ್ದ ಆಶಾ ಕಾರ್ಯಕರ್ತೆ ಪುಟ್ಟಗಂಗಮ್ಮನನ್ನು ಆಚೆಗೆ ಕರೆದು ಗುಡುಗಿದ. "ಕಲಿಯೋ ಹುಡುಗ್ರ ಕೈಗೆ ನನ್ ಮಗಳ್ನ ಕೊಡಾಕಿಲ್ಲ ಕಣಮ್ಮ. ಬೇರೆ ಕಡೀಕ್ ಕರ್ಕೊಂಡೋಗ್ತೀನಿ."

"ಅಯ್ಯೋ ರುದ್ರಣ್ಣ, ಅವ್ರು ಎಂಬಿಬಿಎಸ್ ಮುಗ್ಸಿರೋ ಡಾಕ್ಟ್ರು. ಇನ್ನೂ ಮುಂದಕ್ ಓದ್ತಾವ್ರೆ ಅಷ್ಟೆಯ. ಅವ್ರ ಮೇಲೆ ದೊಡ್ ಡಾಕ್ಟ್ರು ಪ್ರಮೀಳಾ ಮೇಡಂ ಅವ್ರೆ. ಅವ್ರೂ ಬಂದು ನೋಡಿ ಬರೀತಾರೆ."

"ಏನ್ ಬರೀತಾರೆ? ಇವ್ನು ಬರ್ದಿದ್ರ ಕೆಳ್ಗೆ ಒಂದ್ ಸೈನು ಗೀಚ್ತಾರೆ ಬುಡು."

ಅಷ್ಟರಲ್ಲಿ ಡಾಕ್ಟರ್ ಪ್ರಮೀಳಾ ಬಂದೇ ಬಿಟ್ಟರು. ಹಿಂದೆ ಭಾನುಪ್ರಕಾಶ್, ಇನ್ನೂ ಮೂರು ಜನ. ರುದ್ರಯ್ಯ ಗಡಬಡಿಸಿ ಅವರ ಹಿಂದೆಯೇ ಒಳಗೆ ಬಂದು ಕೈಮುಗಿದ. ಬೆಳಿಗ್ಗೆಯಿಂದ ಜೋಡಿಸಿಟ್ಟುಕೊಂಡಿದ್ದ ಮಾತೆಲ್ಲ ಬಿಟ್ಟು, "ನಮಸ್ಕಾರ ತಾಯಿ" ಅಂದ ಅಷ್ಟೆ. ಮೇಡಂ ಶೀಟನ್ನು ಪೂರ್ತಿ ಓದಿದರು. ನಂದಿತಾಳ ಹೊಟ್ಟೆ ಮುಟ್ಟಿ ಪರೀಕ್ಷಿಸಿದರು. ಪೆನ್ನು ಕೈಗೆ ಬಂತು, ಆದರೆ ಸೈನ್ ಬೀಳಲಿಲ್ಲ.

"ಯಾವ ಔಷಧಿದೂ ಅಲರ್ಜಿ ಇಲ್ಲ ಅಂತಿದೆ. ನಾನೂ ಒಂದ್ಸಲ ಕೇಳ್ತೀನಿ. ಯಜಮಾನ್ರೇ, ಚಿಕ್ಕ ವಯಸ್ಸಲ್ಲೂ ಏನೂ ಆಗಿಲ್ವಾ?"

ರುದ್ರಯ್ಯ ತೊದಲುತ್ತಲೇ ಗುಬ್ಬಿಯ ಕಥೆಯನ್ನೆಲ್ಲ ಹೇಳಿದ. ಭಾನುಪ್ರಕಾಶ್ ಮುಖ ಸಪ್ಪಗಾಯಿತು.

"ಅವ್ರು ಕೇಳಿದ್ರು ತಾಯಿ. ನಾನೇ ಹೇಳ್ಲಿಲ್ಲ. ನಿಮ್ಗೇ ಹೇಳಾಣ ಅಂತಿದ್ದೆ."

"ಇನ್ನರ್ಧ ಗಂಟೇಲಿ ಅದೇ ಜಾತಿ ಇಂಜೆಕ್ಷನ್ ಕೊಡೋರಿದ್ವಿ."

ರುದ್ರಯ್ಯ ಮಂಚದ ಕಂಬಿ ಹಿಡಿದುಕೊಂಡು ಮಗಳ ಮುಖವನ್ನೇ ನೋಡಿದ. ತನ್ನ ಜಾಣತನದ ಮೇಲೆ ತನಗೇ ಹೇಸಿಗೆಯಾಯಿತು.

ಮೇಡಂ ಯಾರಿಗೂ ಬೈಯಲಿಲ್ಲ. ಭಾನುಪ್ರಕಾಶ್ ಹಳೆಯ ಸಾಲಿನ ಮೇಲೆ, ಓದಲು ಬರುವ ಹಾಗೇ ಒಂದು ಗೆರೆ ಎಳೆದು, ಸರಿಯಾದದ್ದನ್ನು ಬರೆದು, ತಾರೀಖು, ಟೈಮು, ಸಹಿ ಹಾಕಿದರು. ಅದರ ಕೆಳಗೆ ಮೇಡಂ ತಮ್ಮ ಕೈಯಾರೆ ಬರೆಯತೊಡಗಿದರು. ಬರೆದರು, ಬರೆದರು, ರುದ್ರಯ್ಯನಿಗೆ ತಡೆಯಲಾಗಲಿಲ್ಲ.

"ಇವ್ರು ಬರ್ದವ್ರಲ್ಲ ತಾಯಿ, ಮತ್ಯಾಕೆ?"

"ನಾನು ಕಣ್ಣಾರೆ ನೋಡಿದ್ದನ್ನ, ತೀರ್ಮಾನ ಮಾಡಿದ್ದನ್ನ ನಾನೇ ಬರೀಬೇಕು. ಆಪರೇಷನ್ ಮುಗಿದ್ಮೇಲೆ, ಆಗ ನಾನು ಎಲ್ಲಿದ್ದೆ, ಯಾವ ಭಾಗ ನಾನು ಮಾಡ್ದೆ ಅನ್ನೋದೂ ಇದ್ರಲ್ಲಿರಬೇಕು. ಮೇಡಂ ನೋಡಿದ್ರು ಅಂತ ಭಾನು ಬರೆದುಬಿಟ್ರೆ ನಾನು ನೋಡಿದ ಹಂಗಾಗುತ್ತಾ? ರಾತ್ರಿ ಪಾಳಿಗೆ ಬರೋರು ನಂಬೋದು ಈ ಹಾಳೇನೇ."

ಪುಟ್ಟಗಂಗಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. "ಬೇರೆ ಕಡೀಕ್ ಹೋಗಾಣ್ವಾ ಅಣ್ಣ?"

"ಸುಮ್ಕಿರಮ್ಮ ತಾಯಿ!"

ಬೇರೆ ಇಂಜೆಕ್ಷನ್ ಕೊಟ್ಟರು. ಹನ್ನೊಂದೂವರೆಗೆ ಒಳಗಿನಿಂದ ಅಳು ಕೇಳಿಸಿತು. ಹೆಣ್ಣುಮಗು, ಮೂರು ಕೆಜಿ, ಕೋಪವೆಲ್ಲ ಮೂಗಿನ ತುದಿಯಲ್ಲೇ. ರುದ್ರಯ್ಯ ಅಲ್ಲಿದ್ದವರಿಗೆಲ್ಲ ಪೇಡ ಹಂಚಿದ. ಭಾನುಪ್ರಕಾಶ್‌ಗೆ ಎರಡು ಕೊಟ್ಟ.

ಸಂಜೆ ಅವರು ಮತ್ತೆ ಶೀಟು ಹಿಡಿದು ಬಂದಾಗ ರುದ್ರಯ್ಯ ತಾನೇ ಸ್ಟೂಲು ಎಳೆದು ಹಾಕಿದ. "ಕೂತ್ಕೊಳಿ ಡಾಕ್ಟ್ರೇ. ನನ್ ಮಗಳ್ಗೆ ಆ ಇಂಜೆಕ್ಷನ್ ಆಗಾಕಿಲ್ಲ, ಮತ್ತೆ ಬರ್ಕೊಳಿ. ಅವ್ಳಜ್ಜಿಗೆ ಸಕ್ರೆ ಕಾಯ್ಲೆ. ನಂಗೆ ಮಂಡಿ ನೋವು."

"ನಿಮ್ಮ ಮಂಡಿ ಬೇಡ ಯಜಮಾನ್ರೇ" ಅಂದರು ಭಾನುಪ್ರಕಾಶ್. ನಂದಿತಾ ಹೊಲಿಗೆ ನೋಯುತ್ತಿದ್ದರೂ ನಕ್ಕುಬಿಟ್ಟಳು.

ಈ ಕಥೆ ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಆಸ್ಪತ್ರೆಯಲ್ಲಿ ಮೊದಲು ಬರುವವರು ಕಿರಿಯ ಡಾಕ್ಟರೇ ಇರಬಹುದು. ಅವರಿಗೆ ಏನನ್ನೂ ಮುಚ್ಚಿಡಬೇಡಿ. ಹಿರಿಯರು ಬಂದು ನೋಡಿದರಾ, ನೋಡಿದ್ದನ್ನು ಬರೆದರಾ ಅಂತ ವಿನಯವಾಗಿ ಕೇಳಿ. ಕೇಳಿದರೆ ಜಗಳವಾಗುವುದಿಲ್ಲ. ಹಿರಿಯ ವೈದ್ಯರೇ, ನಿಮಗೂ ಒಂದು ಮಾತು. ಎಷ್ಟೇ ಅವಸರವಿರಲಿ, ನೀವೇ ನೋಡಿ, ನೀವೇ ಬರೆಯಿರಿ. ಹೇಳಬೇಕಾದ ಮಾತನ್ನು ನುಂಗಿಕೊಂಡು ಒಬ್ಬ ಅಪ್ಪ ಅಲ್ಲೇ ನಿಂತಿರಬಹುದು.