ಹಿತ್ತಲಿಗೆ ಬಂದ ಹಳದಿ ಹಕ್ಕಿ

ಪೇಂಟ್ ಅಂಗಡಿಯಲ್ಲಿ ಬಣ್ಣ ಬೆರೆಸುವವನಿಗೆ ಹಕ್ಕಿ ಹುಚ್ಚು ಹಿಡಿದು ಆರು ತಿಂಗಳಾಗಿತ್ತು. ಬೆಳಿಗ್ಗೆ ಹಿತ್ತಲ ಮೆಟ್ಟಿಲ ಮೇಲೆ ದುರ್ಬೀನು ಹಿಡಿದು ಕೂತರೆ ಹೆಂಡತಿ ಮೂರು ಸಲ ಕೂಗಿದ ಮೇಲೇ ಏಳುತ್ತಿದ್ದದ್ದು. ಬಡಾವಣೆಯ ಹಕ್ಕಿ ಬಳಗದಲ್ಲಿ ಅವನೂ ಇದ್ದ, ಆದರೆ ಮರ್ಯಾದೆ ಅಷ್ಟಕ್ಕಷ್ಟೇ. ಹೋದ ತಿಂಗಳು 'ಮಿಂಚುಳ್ಳಿ ಕಂಡೆ' ಎಂದು ಅವನು ಫೋನಿನ ಗುಂಪಿಗೆ ಹಾಕಿದ ಫೋಟೋವನ್ನು ದೊಡ್ಡದು ಮಾಡಿ ನೋಡಿದರೆ, ತಂತಿಯ ಮೇಲೆ ಒಣಗುತ್ತಿದ್ದ ನೀಲಿ ಕಾಲುಚೀಲ. ಬಳಗದ ಅಧ್ಯಕ್ಷರಾದ ಮೇಷ್ಟ್ರು ಎಲ್ಲರಿಗೂ ಕಾಣುವಂತೆ ಬರೆದುಬಿಟ್ಟಿದ್ದರು: ಇನ್ನೊಂದು ತಪ್ಪಾದರೆ ಹೆಸರು ತೆಗೆಯಲಾಗುವುದು.

ಅಂಥದ್ದರಲ್ಲಿ ಗುರುವಾರ ಬೆಳಿಗ್ಗೆ ಒಂದು ಪುಟಾಣಿ ಹಕ್ಕಿ ಕಾಂಪೌಂಡಿನ ಮೇಲೆ ಕೂತಿತು. ಬೆನ್ನು ಕಂದು, ಎದೆ ಮಾತ್ರ ಅಪ್ಪಟ ಹಳದಿ. ಹಕ್ಕಿ ಪುಸ್ತಕವನ್ನೆಲ್ಲ ಜಾಲಾಡಿದ, ಎಲ್ಲೂ ಇಲ್ಲ. ಫೋಟೋ ತೆಗೆದು ಗುಂಪಿಗೆ ಕಳಿಸಿದ.

"ಈ ಸಲ ಏನು, ಕರ್ಚೀಫಾ?" ಎಂದಳು ಹೆಂಡತಿ.

"ಸುಮ್ನಿರೇ. ಇದು ಹಾರುತ್ತೆ."

ಮೇಷ್ಟ್ರು ಮರುದಿನವೇ ಬಂದರು, ಜೊತೆಗೆ ಬಳಗದ ಇಬ್ಬರು. ಅಡುಗೆಮನೆಯ ಸ್ಟೂಲುಗಳೆಲ್ಲ ಹಿತ್ತಲಿಗೆ ಬಂದವು. ಅರ್ಧ ಗಂಟೆ ಯಾರೂ ಕೆಮ್ಮಲಿಲ್ಲ. ಕೊನೆಗೂ ಹಕ್ಕಿ ಬಂತು. ಮೇಷ್ಟ್ರು ದುರ್ಬೀನು ಕಣ್ಣಿಗಿಟ್ಟು, "ಮೂವತ್ತು ವರ್ಷದಲ್ಲಿ ಇಂಥದ್ದು ನೋಡಿಲ್ಲ ಕಣ್ರೀ. ಭೇಷ್," ಎಂದು ಅವನ ಬೆನ್ನು ತಟ್ಟಿದರು. ಹಿಗ್ಗಿನಲ್ಲಿ ಅವನಿಗೆ ನೆಲವೇ ಕಾಣದಾಯಿತು.

ಅಷ್ಟರಲ್ಲಿ ಹಕ್ಕಿ ಬಿಸಿಲಿಗೆ ತಿರುಗಿತು. ಹಕ್ಕಿ ಗುರುತಿಸುವುದರಲ್ಲಿ ಅವನು ಹೇಗೇ ಇರಲಿ, ಬಣ್ಣದಲ್ಲಿ ಅವನ ಕಣ್ಣು ಸುಳ್ಳು ಹೇಳುವುದಿಲ್ಲ. ಆ ಹಳದಿಯಲ್ಲಿ ಎರಡೇ ಹನಿ ಹಸಿರಿತ್ತು. ಪಕ್ಕದ ಮನೆಯ ಭಾವಮೈದ ತನ್ನ ಗೇಟಿಗೆ ಅಂಗಡಿಯ ಯಾವ ಹಳದಿಯನ್ನೂ ಒಪ್ಪದೆ ತಲೆ ತಿಂದಾಗ, ಬುಧವಾರ ಅವನೇ ಕೈಯಾರೆ ಬೆರೆಸಿಕೊಟ್ಟ ಬಣ್ಣ ಅದು. ಬಳಿದ ಗೇಟು ಇನ್ನೂ ಒಣಗುವ ಮೊದಲೇ ಯಾವುದೋ ಗುಬ್ಬಿ ಅದಕ್ಕೆ ಎದೆ ಒರಗಿಸಿ ಬಂದಿದೆ.

ಬಾಯಿ ಮುಚ್ಚಿಕೊಂಡರೆ ಬಳಗದಲ್ಲಿ ಅವನೇ ರಾಜ. ಬಾಯಿ ಬಿಟ್ಟರೆ ಎರಡನೇ ತಪ್ಪು. ಆದರೆ ತಾನು ಬೆರೆಸಿದ ಬಣ್ಣಕ್ಕೆ ಬೇರೆ ಯಾರದೋ ಹೆಸರು ಹೇಳುವುದು ಅವನಿಂದಾಗಲಿಲ್ಲ.

"ಸರ್, ಅದು ಗುಬ್ಬಿ," ಎಂದ. "ಎದೆ ಮೇಲಿರೋದು ನಮ್ಮಂಗಡಿ ಪೇಂಟು."

ಮೇಷ್ಟ್ರು ದುರ್ಬೀನು ಇಳಿಸಲಿಲ್ಲ. "ನಿಮಗೆ ಎಲ್ಲಾ ಪೇಂಟಾಗೇ ಕಾಣುತ್ತೆ."

"ಪಕ್ಕದ ಗೇಟಲ್ಲಿ ಇದೇ ಬಣ್ಣ ಇದೆ. ಬನ್ನಿ ಸರ್, ಎರಡು ಹೆಜ್ಜೆ."

"ನಾನು ಇಲ್ಲಿಗೆ ಹಕ್ಕಿ ನೋಡೋಕೆ ಬಂದಿದ್ದು, ಗೇಟಲ್ಲ."

"ಅವರು ಹೇಳೋದು ನಿಜ," ಎಂದಳು ಹೆಂಡತಿ ಬಾಗಿಲಲ್ಲಿ ನಿಂತು. "ನನ್ನ ತಮ್ಮನ ಅಂಗಿಗೂ ಅದೇ ಹತ್ಕೊಂಡಿದೆ."

ಮೇಷ್ಟ್ರು ಅವಳ ಕಡೆ ಕನಿಕರದಿಂದ ನಕ್ಕರು.

ಸಂಜೆಯೊಳಗೆ ಬಳಗದ ಪಟ್ಟಿಗೆ 'ಹಳದಿ ಎದೆಯ ಹಕ್ಕಿ' ಸೇರಿತು, ಮೊದಲು ಗುರುತಿಸಿದವರು ಮೇಷ್ಟ್ರು. ಹಕ್ಕಿಯನ್ನು ಗುಬ್ಬಿಯೆಂದ ತಪ್ಪಿಗೆ ಇವನ ಹೆಸರು ತೆಗೆದರು. ಆರು ತಿಂಗಳಲ್ಲಿ ಅವನು ಸರಿಯಾಗಿ ಗುರುತಿಸಿದ್ದು ಅದೊಂದನ್ನೇ.

ಸೋಮವಾರ ಮೇಷ್ಟ್ರು ಅಂಗಡಿಗೇ ಬಂದರು. ಆ ಹಕ್ಕಿಯ ನೆನಪಿಗೆ ಪಾರ್ಕಿನಲ್ಲಿ ಬಳಗದ ಬೆಂಚಿಗೆ ಬಣ್ಣ ಬಳಿಸಬೇಕಂತೆ. ಫೋನ್ ಮುಂದೆ ಹಿಡಿದು, "ಈ ಎದೆ ಬಣ್ಣಾನೇ ಬರಬೇಕು. ಆಗುತ್ತಾ?" ಎಂದರು.

ಅವನು ಫೋಟೋ ನೋಡಲೂ ಇಲ್ಲ. ಡಬ್ಬ ತೆಗೆದ, ಬೆರೆಸಿದ, ಕಡ್ಡಿ ಅದ್ದಿ ತೋರಿಸಿದ. ಮೇಷ್ಟ್ರು ಕಡ್ಡಿಯನ್ನು ಫೋನಿನ ಪಕ್ಕ ಹಿಡಿದು ಕಣ್ಣರಳಿಸಿದರು. "ತದ್ರೂಪು ಕಣ್ರೀ. ಬಣ್ಣದಲ್ಲಿ ನಿಮ್ಮನ್ನ ಮೀರಿಸೋರಿಲ್ಲ. ಹಕ್ಕಿ ಸಹವಾಸ ನಿಮಗ್ಯಾಕೆ ಬೇಕಿತ್ತು ಹೇಳಿ?"

ಅವನು ಮುಚ್ಚಳ ಬಡಿದು ಭದ್ರಮಾಡಿದ.

"ಒಣಗೋಕೆ ಎಷ್ಟು ಹೊತ್ತು?"

"ಎರಡು ದಿನ ಸರ್. ಅಲ್ಲೀವರೆಗೆ ಯಾರೂ ಕೂರದ ಹಾಗೆ ನೋಡ್ಕೊಳ್ಳಿ."